ಕೋಬೆಯಲ್ಲೊಂದು ಹಳೆಯ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಇನ್ನೊಬ್ಬರು ಕಟ್ಟಿದ ಮನೆಯನ್ನು, ಅದೂ ನಲವತ್ತು ವರ್ಷ ಹಳೆಯದನ್ನು, ಪರದೇಶದಲ್ಲಿ ಕೊಂಡು ನೋಡು ಎಂದು ಅವರು ಹೇಳದೆ ಹೋದದ್ದು ಅನುಭವದ ಅಭಾವದಿಂದಲೇ ಇರಬೇಕು. ಆ ಅನುಭವ ಜಪಾನಿನ ಕೋಬೆ ನಗರದಲ್ಲಿ ನನ್ನ ಪಾಲಿಗೆ ಬಂದಿತು.

ಹನ್ನೆರಡು ವರ್ಷ ಬಾಡಿಗೆಯ ಮನೆಗಳಲ್ಲಿ ಕಳೆದ ಮೇಲೆ ನಾನೂ ನನ್ನ ಹೆಂಡತಿಯೂ ಸ್ವಂತದ್ದೊಂದು ಸೂರನ್ನು ಹುಡುಕತೊಡಗಿದೆವು. ಹೊಸ ಕಟ್ಟಡಗಳ ಬೆಲೆ ಕೇಳಿ ಬೆಚ್ಚಿ, ಹಳೆಯವುಗಳ ಕಡೆಗೆ ತಿರುಗಿದೆವು. ಬಹುಮಹಡಿ ಕಟ್ಟಡದ ಇಂಥ ಮನೆಯನ್ನು ಅಲ್ಲಿಯವರು ‘ಮ್ಯಾನ್ಶನ್’ ಎನ್ನುತ್ತಾರೆ. ಹೆಸರು ಬಂಗಲೆಯದು, ಗಾತ್ರ ಮೂರು ಕೋಣೆಯದು. ನಾದಾ ಎಂಬ ಭಾಗದಲ್ಲಿ, ಆರು ಅಂತಸ್ತಿನ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನ ಮನೆ ನಮಗೆ ಒಪ್ಪಿಗೆಯಾಯಿತು. 62 ಚದರ ಮೀಟರು. ಹಿಂದೆ ರೊಕ್ಕೊ ಬೆಟ್ಟ, ಮುಂದೆ ದೂರದಲ್ಲಿ ಕಡಲು. ಕಟ್ಟಿ ಮುಗಿಸಿದ್ದು 1982ರಲ್ಲಿ ಎಂದು ದಲ್ಲಾಳಿ ತಿಳಿಸಿದರು.

ಆ ವರ್ಷವನ್ನು ಕೇಳಿ ನಾನು ಹಿಗ್ಗಿದೆ. 1978ರ ಮಿಯಾಗಿ ಭೂಕಂಪದಿಂದ ಪಾಠ ಕಲಿತ ಜಪಾನ್, ಕಟ್ಟಡಗಳ ನಿಯಮಗಳನ್ನು ಬಿಗಿಗೊಳಿಸಿ 1981ರ ಜೂನ್ 1ರಿಂದ ಜಾರಿಗೆ ತಂದಿತು. ಹಳೆಯ ಮನೆ ಕೊಳ್ಳುವವರಿಗೆ ಅಂದಿನಿಂದ ಆ ದಿನವೇ ಗಡಿ. ಆದರೆ ಲೆಕ್ಕಕ್ಕೆ ಬರುವುದು ಕಟ್ಟಡ ಮುಗಿದ ದಿನವಲ್ಲ, ನಕ್ಷೆಗೆ ಒಪ್ಪಿಗೆ ದೊರೆತ ದಿನ. ಕಾಗದಪತ್ರ ತರಿಸಿ ನೋಡಿದರೆ, ಒಪ್ಪಿಗೆ ದೊರೆತದ್ದು 1980ರ ನವೆಂಬರಿನಲ್ಲಿ! “ನೋಡಿ, ಇದು ಹೊಸ ಸೀರೆ ಉಟ್ಟ ಹಳೆಯ ಮನೆ. ನಮಗೆ ಬೇಡ,” ಎಂದಳು ನನ್ನಾಕೆ.

ಅವಳ ಭಯ ಸುಳ್ಳಲ್ಲ. 1995ರ ಜನವರಿ 17ರ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಆ ಸೀಮೆ ನಡುಗಿದಾಗ ಆರು ಸಾವಿರದ ನಾನೂರಕ್ಕೂ ಮಿಕ್ಕಿ ಜನ ಮಡಿದರು. ವಾಹನಗಳಿಗೆಂದು ಕೆಳಗೆ ಬರಿಯ ಕಂಬಗಳನ್ನು ಬಿಟ್ಟು ಕಟ್ಟಿದ್ದ ಹಳೆಯ ಕಟ್ಟಡಗಳು ಹಲವು, ಆ ಕಂಬಗಳೇ ಮುರಿದು ಕುಳಿತುಬಿಟ್ಟವು. ನಾವು ನೋಡಿದ ಕಟ್ಟಡದ ಕೆಳಗೂ ಕಂಬಗಳೇ ಇದ್ದವು. ಆದರೆ ಅವುಗಳ ನಡುವೆ ಓರೆಯಾಗಿ ಉಕ್ಕಿನ ದಪ್ಪ ಪಟ್ಟಿಗಳನ್ನು ಬಿಗಿದಿದ್ದರು.

ಅಂಗಳ ಗುಡಿಸುತ್ತಿದ್ದ ವೃದ್ಧೆಯೊಬ್ಬರನ್ನು ಅದರ ವಿಷಯ ಕೇಳಿದೆ. ಭೂಕಂಪದಲ್ಲಿ ಕಟ್ಟಡ ಬಿರುಕು ಬಿಟ್ಟಿತೇ ಹೊರತು ಬೀಳಲಿಲ್ಲವಂತೆ. ಆಮೇಲೆ ನಿವಾಸಿಗಳ ಸಂಘ ಅದರ ಬಲವನ್ನು ಪರೀಕ್ಷೆ ಮಾಡಿಸಿ, ಮನೆಮನೆಯಿಂದ ಹಣ ಕೂಡಿಸಿ, ಆ ಉಕ್ಕನ್ನು ಹಾಕಿಸಿತಂತೆ. “ಕೆಲಸ ಮುಗಿದದ್ದು ಏಳು ತಿಂಗಳಲ್ಲಿ. ವಾದ ಮುಗಿಯಲು ಮಾತ್ರ ಒಂಬತ್ತು ವರ್ಷ ಹಿಡಿಯಿತು,” ಎಂದು ಆಕೆ ನಕ್ಕರು. “ತಾವು ಗೋಡೆ ನೋಡಿದ್ದು ಸಾಕು, ಸಭೆಯ ನಡವಳಿಗಳನ್ನು ತರಿಸಿ ಓದಿ.” ಮ್ಯಾನ್ಶನ್ ಕೊಳ್ಳುವವನು ಅದರ ಆಡಳಿತವನ್ನು ಕೊಳ್ಳಲಿ ಎಂಬ ಮಾತೊಂದು ಜಪಾನೀಯರಲ್ಲಿ ಬಳಕೆಯಲ್ಲಿದೆ. ಅದರ ಅರ್ಥ ನನಗೆ ಆಗ ಹೊಳೆಯಿತು.

ನಡವಳಿಗಳು ಬಂದವು. ಮನೆಯ ಬೆಲೆಯಲ್ಲದೆ, ಆಡಳಿತಕ್ಕೂ ದುರಸ್ತಿಯ ನಿಧಿಗೂ ಸೇರಿ ತಿಂಗಳಿಗೆ 23,000 ಯೆನ್ ಕೊಡಬೇಕು. ಹೊರಗೋಡೆ, ಮಾಳಿಗೆ, ನೀರಿನ ಕೊಳವೆಗಳ ದೊಡ್ಡ ದುರಸ್ತಿಗೆ ಅದೇ ಆಧಾರ. ಸಂಜೆಯೆಲ್ಲ ಓದುತ್ತಿದ್ದ ನನ್ನಾಕೆ ಒಂದು ಪುಟದ ಬಳಿ ನಿಂತಳು. ಉಕ್ಕಿನ ಕೆಲಸಕ್ಕೆ ತಮ್ಮ ಪಾಲು ಕೊಡಲಾರದ ವೃದ್ಧ ದಂಪತಿಗಳ ವಿಷಯ ಅಲ್ಲಿ ಬಂದಿತ್ತು. ಮೂರು ಸಭೆ ಚರ್ಚಿಸಿ, ಅವರಿಂದ ಸಣ್ಣ ಕಂತುಗಳಲ್ಲಿ ಪಡೆಯುವುದೆಂದು ತೀರ್ಮಾನಿಸಿದ್ದರು. “ಇಷ್ಟು ಜಗಳವಾಡಿಯೂ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟಿಲ್ಲ. ಇವರ ನಡುವೆ ಇರಬಹುದು,” ಎಂದಳು.

ಕರಾರಿಗೆ ಮುಂಚೆ, ಪರವಾನಗಿ ಪಡೆದ ಅಧಿಕೃತರು ಮನೆಯ ಗುಣದೋಷಗಳನ್ನು ಕೊಳ್ಳುವವರಿಗೆ ವಿವರಿಸಲೇಬೇಕೆಂಬುದು ಅಲ್ಲಿಯ ಕಾನೂನು. ಎರಡು ಗಂಟೆ ಕೇಳಿದೆವು, ಬಳಿಕ ಮುದ್ರೆಯೊತ್ತಿದೆವು.

ಸಂಘದ ಹೊಣೆ ಅಲ್ಲಿ ಸರದಿಯ ಮೇಲೆ ಬರುತ್ತದೆ. ಈ ವರ್ಷ ನನ್ನದು. ಬರುವ ಸಭೆಯಲ್ಲಿ ನಿಧಿಯ ಕಂತನ್ನು ಏರಿಸಬೇಕೆಂಬ ಸೂಚನೆಯನ್ನು ಮಂಡಿಸಬೇಕಾದವನು ನಾನೇ. ಅಂಗಳ ಗುಡಿಸುವ ಆ ವೃದ್ಧೆ, ತಾವು ಅದನ್ನು ವಿರೋಧಿಸುವುದಾಗಿ ಮುಂಚಿತವಾಗಿಯೇ ತಿಳಿಸಿದ್ದಾರೆ.