ಎಚ್‌ಐವಿಗೆ ಲಸಿಕೆ ಏಕೆ ಇನ್ನೂ ಸಿಕ್ಕಿಲ್ಲ?

2020ರ ಫೆಬ್ರುವರಿ 3ರಂದು ಕಾಸರಗೋಡಿನತ್ತ ಇಡೀ ದೇಶದ ಗಮನ ಹರಿಯಿತು. ವುಹಾನ್‌ನಿಂದ ಊರಿಗೆ ಮರಳಿದ್ದ ಆ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರಿಗೆ ಕೊರೊನಾ ದೃಢಪಟ್ಟಿತ್ತು; ಅದು ಭಾರತದ ಮೂರನೆಯ ಪ್ರಕರಣ. ಅದೇ ದಿನ ಅಮೆರಿಕದಿಂದ ಹೊರಬಿದ್ದ ಇನ್ನೊಂದು ಸುದ್ದಿ ಈ ಗದ್ದಲದಲ್ಲಿ ಮುಳುಗಿಹೋಯಿತು. ದಕ್ಷಿಣ ಆಫ್ರಿಕಾದಲ್ಲಿ 5,407 ಜನರ ಮೇಲೆ ನಡೆಯುತ್ತಿದ್ದ ಎಚ್‌ಐವಿ ಲಸಿಕೆಯ ಪ್ರಯೋಗವನ್ನು ನಿಲ್ಲಿಸಲಾಗಿತ್ತು. ಲಸಿಕೆ ಪಡೆದವರಲ್ಲಿ 129 ಮಂದಿಗೆ ಸೋಂಕು, ಬರೀ ಹುಸಿ ಚುಚ್ಚುಮದ್ದು ಪಡೆದವರಲ್ಲಿ 123.

ಕಾಸರಗೋಡಿನ ವಿದ್ಯಾರ್ಥಿ ಅದೇ ತಿಂಗಳು ಗುಣವಾಗಿ ಮನೆಗೆ ಹೋದರು. ಕೊರೊನಾಕ್ಕೆಂದೇ ಆಗ ಮದ್ದಿರಲಿಲ್ಲ. ವೈರಸ್ಸನ್ನು ಹೊರಹಾಕಿದ್ದು ಮೈಯೇ. ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನು ಸ್ರವಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಟಿ ಕೋಶಗಳು ಸೋಂಕಿತ ಕೋಶಗಳನ್ನು ಕೊಲ್ಲುತ್ತವೆ, ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಎಲ್ಲ ಮುಗಿದ ಮೇಲೂ ಶತ್ರುವಿನ ನೆನಪಿಟ್ಟುಕೊಂಡ ಒಂದಷ್ಟು ಕೋಶಗಳು ಉಳಿಯುತ್ತವೆ. ಕಾಯಿಲೆ ಬರಿಸದೆ ಆ ನೆನಪನ್ನಷ್ಟೇ ಮೂಡಿಸುವುದು ಲಸಿಕೆಯ ಕೆಲಸ. 2021ರ ಜನವರಿ 16ಕ್ಕೆ ನಮ್ಮಲ್ಲಿ ಕೊರೊನಾ ಲಸಿಕೆ ಶುರುವಾಗಿಯೇಬಿಟ್ಟಿತು. ಎಚ್‌ಐವಿ ಪತ್ತೆಯಾದದ್ದು 1983ರಲ್ಲಿ!

ವಿಜ್ಞಾನಿಗಳನ್ನು ದೂರಿ ಫಲವಿಲ್ಲ. ಕೊರೊನಾವನ್ನು ಮೈ ತಾನಾಗಿ ಗೆಲ್ಲುವ ದಾರಿಯನ್ನು ಲಸಿಕೆ ಅನುಕರಿಸಿತು. ಎಚ್‌ಐವಿಯ ವಿಷಯದಲ್ಲಿ ಅನುಕರಿಸಲು ಅಂಥ ದಾರಿಯೇ ಇಲ್ಲವೆನ್ನಬೇಕು. ಅದು ಹಿಡಿಯುವುದು ಸಿಡಿ4 ಟಿ ಕೋಶಗಳನ್ನು, ಅಂದರೆ ಇಡೀ ರಕ್ಷಣೆಗೆ ಆದೇಶ ಕೊಡುವವರನ್ನೇ. ಕೆಲವೇ ದಿನಗಳಲ್ಲಿ ತನ್ನ ಜೀನುಗಳನ್ನು ನಮ್ಮ ಡಿಎನ್‌ಎಗೆ ಸೇರಿಸಿ, ಕೆಲವು ಕೋಶಗಳಲ್ಲಿ ಸದ್ದಿಲ್ಲದೆ ಅಡಗಿ ಕೂರುತ್ತದೆ. ಹೀಗಾಗಿ ಅದು ಬೇರೂರುವ ಮೊದಲೇ ಲಸಿಕೆ ತಡೆಯಬೇಕು.

ತಡೆಯೋಣವೆಂದರೆ ಹಿಡಿತಕ್ಕೆ ಸಿಗಬೇಕಲ್ಲ. ಪ್ರತಿಕಾಯ ಅಂಟಿಕೊಳ್ಳಬೇಕಾದ ಮುಳ್ಳುಗಳು ವೈರಸ್ಸಿನ ಮೈಮೇಲಿರುವುದು ಸರಾಸರಿ ಹದಿನಾಲ್ಕೋ ಏನೋ. ಆ ಮುಳ್ಳಿನ ಹೊರಭಾಗದ ತೂಕದಲ್ಲಿ ಸುಮಾರು ಅರ್ಧ ಸಕ್ಕರೆಯ ಸರಪಳಿಗಳು; ಅವೂ ನಮ್ಮ ಕೋಶಗಳೇ ಹೊದಿಸಿದವು. ಕಳ್ಳ ಮನೆಯವರದೇ ಅಂಗಿ ತೊಟ್ಟು ಬಂದಂತೆ. ಜೊತೆಗೆ, ನಕಲಾಗುವಾಗಲೆಲ್ಲ ತಪ್ಪು ಮಾಡುತ್ತ ರೂಪ ಬದಲಿಸುತ್ತದೆ.

ಆದರೂ ಕೆಲವು ಸೋಂಕಿತರ ಮೈ, ವರ್ಷಗಳು ಕಳೆದ ಮೇಲೆ, ಹಲವು ತಳಿಗಳನ್ನು ತಡೆಯಬಲ್ಲ ಪ್ರತಿಕಾಯ ರೂಪಿಸುತ್ತದೆ. ಅವರಿಗೆ ಅದು ಒದಗುವಷ್ಟರಲ್ಲಿ ತಡವಾಗಿರುತ್ತದೆ. ಅಂಥ ಪ್ರತಿಕಾಯವನ್ನು ಸೋಂಕಿಗೆ ಮೊದಲೇ, ಹಂತಹಂತವಾಗಿ ಬೇರೆಬೇರೆ ಚುಚ್ಚುಮದ್ದು ಕೊಟ್ಟು ಬೆಳೆಸುವುದು ಈಗಿನ ಯೋಚನೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಸಿಕೆ ಪಡೆದ 36 ಮಂದಿಯಲ್ಲಿ 35 ಮಂದಿಯ ಬಿ ಕೋಶಗಳು ಮೊದಲ ಹಂತ ದಾಟಿದವು. ಮುಂದಿನ ಹಂತಗಳೇ ಕಷ್ಟದವು.

ಈ ನಡುವೆ 2024ರಲ್ಲಿ ಲೆನಾಕಪವಿರ್ ಚುಚ್ಚುಮದ್ದು ಪಡೆದ ದಕ್ಷಿಣ ಆಫ್ರಿಕಾ, ಉಗಾಂಡದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಆದರೆ ಅದು ಔಷಧ, ಲಸಿಕೆಯಲ್ಲ. ಮೈಗೆ ಏನನ್ನೂ ಕಲಿಸದ ಕಾರಣ ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುತ್ತಲೇ ಇರಬೇಕು.