ಒಂದು ಡಬ್ಬ, ಹನ್ನೆರಡು ಗೆರೆ

ಡಬ್ಬ ಬಿಡಿಸೋದರಲ್ಲಿ ಏನಿದೆ ಮಹಾ? ಒಂದರ ಹಿಂದೆ ಒಂದು ಎರಡು ಚೌಕ, ಮೂಲೆಗೆ ಮೂಲೆ ಸೇರಿಸೋಕೆ ನಾಲ್ಕು ಗೆರೆ, ಮುಗೀತು. ಸ್ಕೂಲಿನಲ್ಲಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಾವೆಲ್ಲ ಬಿಡಿಸಿದ್ದೇ ತಾನೇ? ಕಳೆದ ಚಳಿಗಾಲದವರೆಗೂ ನಾನು ಹಾಗೇ ಅಂದುಕೊಂಡಿದ್ದೆ.

ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ಜನವರಿ ಅಂದ್ರೆ ಮನೆಯಿಂದ ಹೊರಗೆ ಮೂಗು ಹಾಕೋಕೂ ಧೈರ್ಯ ಬೇಕು. ಶನಿವಾರ ಬೆಳಿಗ್ಗೆ ಮಕ್ಕಳನ್ನ ಏನು ಮಾಡೋದು ಅನ್ನೋದೇ ದೊಡ್ಡ ಚಿಂತೆ. ಹನ್ನೆರಡು ವರ್ಷದ ಮಗಳು ಲೈಬ್ರರಿಯ ಬೇಸ್‌ಮೆಂಟಿನಲ್ಲಿ ನಡೆಯೋ ಚಿತ್ರಕಲೆ ಕ್ಲಾಸಿಗೆ ಸೇರಿಕೊಂಡಳು. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು ಅಂತ ನಿಯಮ. ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ನನ್ನ ಕೈಗೆ ಟೀಚರಮ್ಮ ಒಂದು ಪೆನ್ನು ಕೊಟ್ಟರು. ಪೆನ್ಸಿಲ್ ಅಲ್ಲ, ಪೆನ್ನು. ಅಳಿಸೋ ಹಾಗಿಲ್ಲ, ಸ್ಕೇಲ್ ಮುಟ್ಟೋ ಹಾಗಿಲ್ಲ. ‘ಸುಮ್ಮನೆ ಯಾಕೆ ಕೂತಿದೀರಿ, ನೀವೂ ಬಿಡಿಸಿ’ ಅಂದರು.

ಮಗಳ ಮುಖ ಚಿಕ್ಕದಾಯಿತು. ಅದಕ್ಕೆ ಕಾರಣ ಇತ್ತು. ಅವಳು ನನಗೆ ತನ್ನ ಚಿತ್ರಗಳನ್ನ ತೋರಿಸೋದು ಬಿಟ್ಟು ಆಗಲೇ ಒಂದು ವರ್ಷವಾಗಿತ್ತು. ಆ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಡಬ್ಬದ ವಿಷಯ. ಹತ್ತಿರದ ಒಂದು ಮೂಲೆಯಿಂದ ಮೂರು ದಿಕ್ಕಿಗೆ ಮೂರು ಗೆರೆ ಎಳೆಯಬೇಕು. ಅಲ್ಲಿಂದ ಒಂದೊಂದಾಗಿ ಉಳಿದ ಒಂಬತ್ತು. ಡಬ್ಬ ಗಾಜಿನದು ಅಂದ್ಕೊಳ್ಳಿ, ಹಿಂದಿನ ಗೆರೆಗಳೂ ಕಾಣಬೇಕು. ಒಟ್ಟು ಹನ್ನೆರಡು ಗೆರೆ, ನಾಲ್ಕು ನಾಲ್ಕರ ಮೂರು ಗುಂಪು. ನಿಜವಾದ ಡಬ್ಬದಲ್ಲಿ ಒಂದು ಗುಂಪಿನ ನಾಲ್ಕೂ ಗೆರೆ ಸಮಾನಾಂತರ. ಆದರೆ ಕಣ್ಣಿಗೆ, ರೈಲು ಹಳಿಗಳ ಹಾಗೆ, ದೂರ ಹೋಗ್ತಾ ಹೋಗ್ತಾ ಒಂದನ್ನೊಂದು ಸಮೀಪಿಸುತ್ತವೆ. ಕಾಗದದ ಮೇಲೆ ಅವು ಹೋಗಿ ಕೂಡುವ ಜಾಗವೇ ವ್ಯಾನಿಶಿಂಗ್ ಪಾಯಿಂಟ್. ಅದು ಬಹಳ ಸಲ ಕಾಗದದ ಆಚೆ ಎಲ್ಲೋ ಇರತ್ತೆ. ಕಾಣದ ಜಾಗಕ್ಕೆ ಗುರಿಯಿಟ್ಟು ನಾಲ್ಕು ಗೆರೆ ಹೊಡೆಯೋದು... ಅದೇ ಕಷ್ಟ.

ಐದು ಡಬ್ಬ ಆದ ಮೇಲೆ ಜೊತೆಯವರ ಜೊತೆ ಹಾಳೆ ಬದಲಾಯಿಸಿಕೊಳ್ಳಬೇಕು. ನನಗೆ ಸಿಕ್ಕವರು ಎಪ್ಪತ್ತರ ಆಸುಪಾಸಿನ ಒಬ್ಬ ನಿವೃತ್ತ ಬಡಗಿ. ಅವರ ಹಾಳೆ ನೋಡಿ ‘ವೆರಿ ನೈಸ್’ ಅಂದೆ. ಅಮೆರಿಕದಲ್ಲಿ ಇಪ್ಪತ್ತು ವರ್ಷ ಇದ್ದು ಕಲಿತ ವಿದ್ಯೆ ಅದು! ಅವರು ಶಾಂತವಾಗಿ ಕೇಳಿದರು: ‘ಯಾವುದು?’

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ನಾನು ನೋಡಿಯೇ ಇರಲಿಲ್ಲ.

ಆಮೇಲೆ ಅವರು ನನ್ನ ಹಾಳೆ ತಗೊಂಡು ಎರಡು ಗೆರೆಗಳ ಮೇಲೆ ಬೆರಳಿಟ್ಟು, ‘ಇವು ದೂರ ಹೋಗ್ತಾ ಅಗಲ ಆಗ್ತಿವೆ’ ಅಂದರು. ನಾನು ಬಿಡ್ತೀನಾ? ‘ಬೇಕಂತಲೇ ಹಾಗೆ ಬಿಡಿಸಿದ್ದು’ ಅಂತ ವಾದಕ್ಕಿಳಿದೆ. ಅವರು ವಾದ ಮಾಡಲಿಲ್ಲ, ಒಂದು ಕೆಂಪು ಪೆನ್ಸಿಲ್ ಮತ್ತು ಸ್ಕೇಲ್ ನನ್ನ ಕಡೆ ತಳ್ಳಿದರು. ಗೆರೆಗಳನ್ನ ಹಿಂದಕ್ಕೆ ಬೆಳೆಸಿದೆ. ಜಗಳವಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದು ಆ ಕಡೆ, ಒಂದು ಈ ಕಡೆ! ಅಂದರೆ ನನ್ನ ಡಬ್ಬದ ಹಿಂಭಾಗ ಮುಂಭಾಗಕ್ಕಿಂತ ದೊಡ್ಡದು. ಬಾಯಿ ಮುಚ್ಚಿಕೊಂಡೆ.

ಟೀಚರಮ್ಮನ ಪದ್ಧತಿ ಇದು. ಮೊದಲು ನಿಮ್ಮ ಡಬ್ಬವನ್ನ ನೀವೇ ಮೂರು ಬಣ್ಣದ ಪೆನ್ಸಿಲ್ಲಿನಿಂದ, ಗುಂಪಿಗೊಂದು ಬಣ್ಣ, ಪರೀಕ್ಷೆ ಮಾಡಬೇಕು. ಆಮೇಲೆ ಇನ್ನೊಬ್ಬರಿಗೆ ಕೊಡಬೇಕು. ಹೇಳುವವರು ಒಂದು ಗೆರೆ ಮೇಲೆ ಬೆರಳಿಟ್ಟು ಮಾತಾಡಬೇಕು, ‘ನಿನಗೆ ಯಾವಾಗಲೂ ಹೀಗೇ’ ಅನ್ನೋ ಹಾಗಿಲ್ಲ. ಒಂದು ಸಲಕ್ಕೆ ಒಂದೇ ದೋಷ. ಹಳೇ ಡಬ್ಬ ತಿದ್ದೋದಲ್ಲ, ಮುಂದಿನ ಡಬ್ಬದಲ್ಲಿ ಅದೊಂದನ್ನ ಗಮನಿಸೋದು. ಆಫೀಸಿನಲ್ಲಿ ವರ್ಷಗಟ್ಟಲೆ ಕೋಡ್ ರಿವ್ಯೂ ಮಾಡಿದ ನನಗೆ ಇದು ಗೊತ್ತಿರಬೇಕಿತ್ತು. ಆಫೀಸಿನಲ್ಲಿ ಗೊತ್ತಿತ್ತು ಕೂಡ...

ಅಂದ ಹಾಗೆ, ಈ ಪರೀಕ್ಷೆ ಮಾಡೋ ಚಾಳಿ ಪರ್ಸ್‌ಪೆಕ್ಟಿವ್‌ನಷ್ಟೇ ಹಳೇದು. 15ನೇ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಬ್ರುನೆಲೆಸ್ಕಿ ಅನ್ನೋ ಶಿಲ್ಪಿ ಅಲ್ಲಿನ ಬ್ಯಾಪ್ಟಿಸ್ಟರಿ ಕಟ್ಟಡವನ್ನ ಒಂದು ಸಣ್ಣ ಹಲಗೆ ಮೇಲೆ ಬಿಡಿಸಿ, ಹಲಗೆಗೆ ಒಂದು ತೂತು ಕೊರೆದ. ಹಲಗೆಯ ಹಿಂದಿನಿಂದ ಆ ತೂತಿನಲ್ಲಿ ಇಣುಕಿ, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡಬೇಕು. ಕನ್ನಡಿ ತೆಗೆದರೆ ಅಲ್ಲೇ ನಿಜವಾದ ಕಟ್ಟಡ! ಸರಿಯಿದೆಯಾ ಅಂತ ಯಾರನ್ನೂ ಕೇಳಬೇಕಾಗಿಲ್ಲ. 1435ರಲ್ಲಿ ಚಿತ್ರಕಲೆ ಬಗ್ಗೆ ಪುಸ್ತಕ ಬರೆದ ಆಲ್ಬರ್ಟಿ ಕೂಡ, ಚಿತ್ರದ ದೋಷ ಹಿಡಿಯೋಕೆ ಕನ್ನಡಿ ಒಳ್ಳೇದು ಅಂತಾನೆ. ಜೊತೆಗೆ, ಕೆಲಸ ನಡೀತಿರುವಾಗಲೇ ಸ್ನೇಹಿತರ, ದಾರಿಹೋಕರ ಮಾತನ್ನೂ ಕೇಳಿ ಅಂತಾನೆ. ಕನ್ನಡಿಯೂ ಬೇಕು, ಮನುಷ್ಯರೂ ಬೇಕು.

ಈಗ ಆ ಕಥೆ. ಹಿಂದಿನ ವರ್ಷದ ಡಿಸೆಂಬರ್ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಊರಿಗೆ ಹೋಗಿದ್ವಿ. ಮಗಳು ಎರಡು ದಿನ ಅಂಗಳದಲ್ಲಿ ಕೂತು ಅಜ್ಜಿ ಮನೆಯ ಚಿತ್ರ ಬಿಡಿಸಿದಳು. ಓಡಿ ಬಂದು ಎಲ್ಲರಿಗೂ ತೋರಿಸಿದಳು. ಚಿತ್ರದಲ್ಲಿ ಜಗಲಿಯ ಅಂಚು ನೆಟ್ಟಗಿತ್ತು, ಹೆಂಚಿನ ಸೂರು ಮಾತ್ರ ಸರ್ರನೆ ಕೆಳಗಿಳಿದಿತ್ತು. ನಾನು ಕಾಫಿ ಕುಡೀತಾ, ‘ಇದೇನೇ, ಮನೆ ಬಿದ್ದೋಗ್ತಾ ಇದೆಯಾ?’ ಅಂದೆ. ಜಗಲಿ ತುಂಬ ಇದ್ದ ನೆಂಟರೆಲ್ಲ ನಕ್ಕರು. ಅವಳೂ ನಕ್ಕಳು. ಪುಸ್ತಕ ಮುಚ್ಚಿದಳು. ಅಷ್ಟೇ.

ಫೆಬ್ರವರಿಯ ಒಂದು ಮಧ್ಯಾಹ್ನ ಊಟ ಮುಗಿಸಿ ಡೌನ್‌ಟೌನಿನ ಸ್ಕೈವೇಯಲ್ಲಿ ನಡೀತಿದ್ದೆ. ಚಳಿಗೆ ಹೆದರಿ ಕಟ್ಟಡದಿಂದ ಕಟ್ಟಡಕ್ಕೆ ಎರಡನೇ ಅಂತಸ್ತಿನಲ್ಲೇ ಗಾಜಿನ ಸೇತುವೆ ಕಟ್ಟಿಕೊಂಡಿರೋ ಊರು ನಮ್ಮದು. ಮೇಲಿನ ಸೀಲಿಂಗಿನ ಗೆರೆ ಇಳೀತಾ, ನೆಲದ ಗೆರೆ ಏರ್ತಾ, ಎರಡೂ ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ ಹೋಗ್ತಿದ್ವು. ಶೂ ಲೇಸ್ ಕಟ್ಟೋಕೆ ಬಗ್ಗಿದೆ. ಆ ಮಟ್ಟವೂ ನನ್ನ ಜೊತೆ ಕೆಳಗಿಳೀತು! ನೆಲದ ಗೆರೆ ಹೆಚ್ಚೂಕಡಿಮೆ ಮಲಗಿತು, ಸೀಲಿಂಗಿನ ಗೆರೆ ಕಡಿದಾಗಿ ಜಾರಿತು. ಲೇಸ್ ಕೈಯಲ್ಲೇ ಉಳೀತು. ಕಣ್ಣ ಮುಂದೆ ಅಜ್ಜಿ ಮನೆಯ ಸೂರು.

ಸಂಜೆ ಮಗಳನ್ನ ಕೇಳಿದೆ: ‘ಆ ಚಿತ್ರ ಬಿಡಿಸೋವಾಗ ನೀನು ಎಲ್ಲಿ ಕೂತಿದ್ದೆ?’

‘ಯಾಕೆ?’

‘ಸುಮ್ಮನೆ ಹೇಳು.’

‘ಅಂಗಳದಲ್ಲಿ, ಚಾಪೆ ಮೇಲೆ. ಅಜ್ಜಿ ಅಡಿಕೆ ಸುಲೀತಿದ್ರಲ್ಲ, ಅವರ ಪಕ್ಕ.’

ನೆಲದ ಮೇಲೆ ಕೂತ ಹುಡುಗಿಯ ಕಣ್ಣು ಎರಡೂವರೆ ಅಡಿ ಎತ್ತರದಲ್ಲಿ. ನಮ್ಮ ಜಗಲಿಯ ಎತ್ತರವೂ ಹತ್ತತ್ರ ಅಷ್ಟೇ. ಅವಳಿಗೆ ಜಗಲಿಯ ಅಂಚು ನೆಟ್ಟಗೇ ಕಾಣಬೇಕು, ತಲೆ ಮೇಲಿದ್ದ ಸೂರು ಜಾರಲೇಬೇಕು. ಪರ್ಸ್‌ಪೆಕ್ಟಿವ್ ಅನ್ನೋ ಹೆಸರೂ ಗೊತ್ತಿಲ್ಲದೆ ಅವಳು ಕಂಡಿದ್ದನ್ನೇ ಬಿಡಿಸಿದ್ದಳು. ಜಗಲಿ ಮೇಲೆ ನಿಂತು ಕಾಫಿ ಕುಡೀತಿದ್ದ ನಾನು, ನನ್ನ ಐದೂಮುಕ್ಕಾಲು ಅಡಿಯಿಂದ ತೀರ್ಪು ಕೊಟ್ಟಿದ್ದೆ.

‘ಆ ಸೂರು ಸರಿಯಾಗೇ ಇತ್ತು ಪುಟ್ಟಿ. ತಪ್ಪು ನಂದು’ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನೀನು ಆವಾಗ ಕೇಳ್ಲೇ ಇಲ್ಲ, ಅಪ್ಪ’ ಅಂದಳು.

ಪುಸ್ತಕ ಇನ್ನೂ ಇತ್ತು. ಅವಳೇ ತಂದಳು. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೆರೆಗಳನ್ನ ಬೆಳೆಸಿದ್ವಿ. ಸೂರೂ ಜಗಲಿಯೂ ಹತ್ತಿರ ಹತ್ತಿರವೇ ಹೋಗಿ ಸೇರಿದ್ವು. ಕಿಟಕಿಯ ಒಂದು ಗೆರೆ ಮಾತ್ರ ಎತ್ತಲೋ ಹೋಯ್ತು. ನಾನು ಬಾಯಿ ತೆರೆಯಲಿಲ್ಲ. ‘ಓ, ಇದು ತಪ್ಪು’ ಅಂತ ಅವಳೇ ಬೆರಳಿಟ್ಟಳು.

ಈಗ ಶನಿವಾರದ ಸಂಜೆ ಇಬ್ಬರೂ ಹಾಳೆ ಬದಲಾಯಿಸಿಕೊಳ್ತೀವಿ. ನಾನು ಮೊದಲು ‘ಎಲ್ಲಿಂದ ನೋಡ್ತಿದೀಯ?’ ಅಂತ ಕೇಳ್ತೀನಿ. ಮೊನ್ನೆ ನನ್ನ ನೂರ ಹದಿನೆಂಟನೇ ಡಬ್ಬ ನೋಡಿ ಅವಳಂದಳು: ‘ಅಪ್ಪ, ಹಿಂದಿನ ಮೂಲೆ ಊಹೆ ಮೇಲೆ ಬಿಡಿಸಿದೀಯ ಅಲ್ವಾ?’

ಹೌದು, ಊಹೆಯೇ. ನೂರ ಹತ್ತೊಂಬತ್ತನೇದು ಶುರು ಮಾಡಿದೀನಿ :-)