ಪಾಲವಣಕರ್ ಬಾಳೂ

ಪಾಲವಣಕರ್ ಬಾಳೂ (19 ಮಾರ್ಚ್ 1876 – 4 ಜುಲೈ 1955) ಭಾರತದ ಕ್ರಿಕೆಟ್ ಆಟಗಾರರು ಹಾಗೂ ರಾಜಕೀಯ ಕಾರ್ಯಕರ್ತರು. ಧಾರವಾಡದಲ್ಲಿ ಜನಿಸಿದ ಇವರು ನಿಧಾನಗತಿಯ ಎಡಗೈ ಬೌಲರ್ ಆಗಿದ್ದರು. 1905–06ರಿಂದ 1920–21ರವರೆಗೆ ಮುಖ್ಯವಾಗಿ ಹಿಂದೂ ತಂಡದ ಪರವಾಗಿ ಆಡಿ, 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್‌ಗಳನ್ನು ಪಡೆದರು. 1911ರಲ್ಲಿ ಇಂಗ್ಲೆಂಡಿಗೆ ಪ್ರವಾಸ ಹೋದ ಮೊದಲ ಅಖಿಲ ಭಾರತ ತಂಡದ ಪ್ರಮುಖ ಬೌಲರ್ ಇವರೇ. ಆಟದಿಂದ ನಿವೃತ್ತರಾದ ಮೇಲೆ ದಲಿತ ಸಮುದಾಯದ ನಾಯಕರಾಗಿ ರಾಜಕೀಯವನ್ನು ಪ್ರವೇಶಿಸಿ, 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದರು. 1937ರ ಮುಂಬಯಿ ಪ್ರಾಂತ್ಯದ ಚುನಾವಣೆಯಲ್ಲಿ ಬಿ. ಆರ್. ಅಂಬೇಡ್ಕರ್ ಅವರ ವಿರುದ್ಧ ಕಾಂಗ್ರೆಸ್ ಅಭ್ಯರ್ಥಿಯಾಗಿ ಸ್ಪರ್ಧಿಸಿ ಪರಾಭವಗೊಂಡರು. ಕ್ರಿಕೆಟ್‌ನಿಂದ ರಾಜಕೀಯಕ್ಕೆ ಬಂದ ಭಾರತೀಯರಲ್ಲಿ ಇವರು ತೀರ ಮೊದಲಿನವರು.

ಆರಂಭಿಕ ಜೀವನ

ಬಾಳೂ ಅವರು ಹುಟ್ಟಿದ ಕಾಲದಲ್ಲಿ ಧಾರವಾಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಇವರದು ಚರ್ಮದ ಕೆಲಸವನ್ನು ಕುಲಕಸುಬಾಗಿ ಉಳ್ಳ, ಅಂದು ಅಸ್ಪೃಶ್ಯವೆಂದು ಎಣಿಸಲಾಗುತ್ತಿದ್ದ ಚಂಭಾರ ಸಮುದಾಯದ ಮರಾಠಿ ಕುಟುಂಬ. ಬಾಲ್ಯದಲ್ಲಿಯೇ ಕುಟುಂಬವು ಪುಣೆಗೆ ಹೋಯಿತು. ಸೇನಾ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳಲ್ಲಿ ಬಾಳೂ ಮತ್ತು ತಮ್ಮ ಶಿವರಾಮ್ ಆಟವನ್ನು ಕಲಿತರು. ಇನ್ನಿಬ್ಬರು ತಮ್ಮಂದಿರಾದ ವಿಠ್ಠಲ್ ಮತ್ತು ಗಣಪತ್ ಸಹ ಮುಂದೆ ಕ್ರಿಕೆಟ್ ಆಟಗಾರರಾದರು.

ಬಾಳೂ ಅವರ ಮೊದಲ ನೌಕರಿ ಪುಣೆಯ ಪಾರ್ಸಿ ಕ್ಲಬ್ಬಿನ ಮೈದಾನದಲ್ಲಿ. ಪಿಚ್ಚನ್ನು ಗುಡಿಸಿ, ರೋಲರ್ ಎಳೆಯುವ ಈ ಕೆಲಸಕ್ಕೆ ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರಲ್ಲಿ ಐರೋಪ್ಯರ ಪೂನಾ ಕ್ಲಬ್ಬನ್ನು ಸೇರಿದಾಗ ಅದು ನಾಲ್ಕು ರೂಪಾಯಿಗೆ ಏರಿತು. ಅಲ್ಲಿ ಬಲೆ ಕಟ್ಟುವುದು, ಪಿಚ್ಚಿಗೆ ಗೆರೆ ಎಳೆಯುವುದು ಮೊದಲಾದ ಕೆಲಸಗಳ ಜೊತೆಗೆ ಸದಸ್ಯರ ಅಭ್ಯಾಸಕ್ಕಾಗಿ ಬೌಲಿಂಗ್ ಮಾಡುವ ಅವಕಾಶವೂ ದೊರೆಯಿತು. ಆ ಕಾಲದ ಪ್ರಸಿದ್ಧ ಬ್ಯಾಟ್ಸ್‌ಮನ್ ಜೆ. ಜಿ. ಗ್ರೀಗ್ ಅವರು ತಮ್ಮನ್ನು ಔಟ್ ಮಾಡಿದಾಗಲೆಲ್ಲ ಬಾಳೂ ಅವರಿಗೆ ಎಂಟಾಣೆ ಕೊಡುತ್ತಿದ್ದರೆಂದು ಹೇಳಲಾಗುತ್ತದೆ. ನಿತ್ಯವೂ ಗಂಟೆಗಟ್ಟಲೆ ನಡೆದ ಈ ಅಭ್ಯಾಸದಿಂದ ಅವರ ಬೌಲಿಂಗ್ ಪಳಗಿತು. ಆದರೆ ಆ ಕ್ಲಬ್ಬಿನಲ್ಲಿ ಅವರಿಗೆ ಬ್ಯಾಟ್ ಮಾಡಲು ಅವಕಾಶವಿರಲಿಲ್ಲ. ಬ್ಯಾಟಿಂಗ್ ಸಾಹೇಬರ ಹಕ್ಕೆಂಬುದು ಆಗಿನ ರೂಢಿ.

ಹಿಂದೂ ತಂಡಗಳಲ್ಲಿ

ಐರೋಪ್ಯರನ್ನು ಸೋಲಿಸುವ ಹಂಬಲವಿದ್ದ ಪುಣೆಯ ಹಿಂದೂ ಕ್ಲಬ್ಬಿಗೆ ಬಾಳೂ ಅವರಂತಹ ಬೌಲರ್ ಬೇಕಾಗಿತ್ತು. ಅವರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಸದಸ್ಯರೊಳಗೆ ಭಿನ್ನಾಭಿಪ್ರಾಯ ಉಂಟಾಯಿತು. ಕೊನೆಗೆ ತಂಡಕ್ಕೆ ಸೇರಿಸಿಕೊಂಡರೂ ಅಸ್ಪೃಶ್ಯತೆಯ ಕಟ್ಟಳೆಗಳನ್ನು ಬಿಡಲಿಲ್ಲ. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾದ ವೇಳೆಗೆ ಬಾಳೂ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು.

ಸಾತಾರಾದಲ್ಲಿ ಐರೋಪ್ಯ ತಂಡದ ವಿರುದ್ಧ ದೊರೆತ ಗೆಲುವಿನಲ್ಲಿ ಬಾಳೂ ಅವರ ಬೌಲಿಂಗ್ ನಿರ್ಣಾಯಕವಾಯಿತು. ಇದರ ನಂತರ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ಬಾಳೂ ಜೊತೆ ಆಡಬಹುದಾದರೆ ಅವರ ಜೊತೆ ಕುಳಿತು ಉಣ್ಣಲು ಅಡ್ಡಿಯೇನೆಂಬ ಅರ್ಥದಲ್ಲಿ ತಂಡದವರಿಗೆ ಬುದ್ಧಿ ಹೇಳಿದರು. ಬಾಲಗಂಗಾಧರ ತಿಲಕರೂ ಬಾಳೂ ಅವರನ್ನು ಸಾರ್ವಜನಿಕವಾಗಿ ಪ್ರಶಂಸಿಸಿದರು.

ಪುಣೆಯಲ್ಲಿ ಪ್ಲೇಗು ಹರಡಿದ ಕಾಲದಲ್ಲಿ ಬಾಳೂ ಮುಂಬಯಿಗೆ ಹೋಗಿ ನೆಲೆಸಿದರು. ಅಲ್ಲಿನ ಹಿಂದೂ ಜಿಮಖಾನಾ, ಕೆಲವು ಸದಸ್ಯರ ವಿರೋಧದ ನಡುವೆಯೂ, ಅವರನ್ನು ಆಡಲು ಸೇರಿಸಿಕೊಂಡಿತು. ಬಿ.ಬಿ. ಆ್ಯಂಡ್ ಸಿ.ಐ. ರೈಲ್ವೆಯಲ್ಲಿ ಅವರಿಗೆ ನೌಕರಿಯೂ ದೊರೆಯಿತು.

1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಐರೋಪ್ಯರನ್ನು 109 ರನ್‌ಗಳಿಂದ ಸೋಲಿಸಿತು. ಬಾಳೂ ಆ ಪಂದ್ಯದಲ್ಲಿ ಎಂಟು ವಿಕೆಟ್ ಪಡೆದರು. ಶಿವರಾಮ್ ಕೂಡ ತಂಡದಲ್ಲಿದ್ದರು. ಆಳುವವರ ಮೇಲೆ ಅವರದೇ ಆಟದಲ್ಲಿ ದೊರೆತ ಜಯವೆಂದು ಜನ ಸಂಭ್ರಮಿಸಿದರು. ಮುಂಬಯಿಯ 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆ ಇದನ್ನು ಬೇರೊಂದು ದೃಷ್ಟಿಯಿಂದ ನೋಡಿತು. ಜಾತಿಯ ಕಟ್ಟುಗಳನ್ನು ಸಡಿಲಿಸಿ ಈ ಸಹೋದರರನ್ನು ತಂಡಕ್ಕೆ ಸೇರಿಸಿಕೊಂಡದ್ದೇ ಗೆಲುವಿಗಿಂತ ದೊಡ್ಡ ಸಂಗತಿಯೆಂದು ಅದು ಅಭಿಪ್ರಾಯಪಟ್ಟಿತು.

1911ರ ಇಂಗ್ಲೆಂಡ್ ಪ್ರವಾಸ

ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಹೊರಟ ಅಖಿಲ ಭಾರತ ತಂಡದಲ್ಲಿ ಪಾರ್ಸಿ, ಹಿಂದೂ, ಮುಸ್ಲಿಂ ಮತ್ತು ಸಿಖ್ ಆಟಗಾರರಿದ್ದರು. ಬೆಂಗಳೂರಿನ ಬಿ. ಜಯರಾಮ್ ಕೂಡ ಈ ತಂಡದ ಸದಸ್ಯರು. 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಭಾರತೀಯರು ಗೆದ್ದದ್ದು ಎರಡನ್ನು ಮಾತ್ರ, ಹತ್ತನ್ನು ಸೋತರು. ಮೂವತ್ತೈದರ ಪ್ರಾಯದ ಬಾಳೂ ಭುಜದ ನೋವಿನ ನಡುವೆಯೂ ಪ್ರವಾಸದ ಎಲ್ಲ ಪಂದ್ಯಗಳಲ್ಲಿ ಒಟ್ಟು 114 ವಿಕೆಟ್ ಪಡೆದರು. ಇವುಗಳಲ್ಲಿ 75 ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್‌ಗಳಿಗೆ ಪಡೆದ 8 ವಿಕೆಟ್ ಅವರ ಜೀವನದ ಶ್ರೇಷ್ಠ ಸಾಧನೆ. ಇಂಗ್ಲೆಂಡಿನ ಎಡಗೈ ಬೌಲರ್ ವಿಲ್ಫ್ರೆಡ್ ರೋಡ್ಸ್ ಅವರೊಡನೆ ಇವರನ್ನು ಹೋಲಿಸಲಾಗುತ್ತಿತ್ತು.

ಸ್ವದೇಶಕ್ಕೆ ಮರಳಿದ ಬಾಳೂ ಅವರಿಗೆ ಮುಂಬಯಿಯ ದಲಿತ ಸಮುದಾಯವು ಸನ್ಮಾನ ಏರ್ಪಡಿಸಿತು. ಅಲ್ಲಿ ಅರ್ಪಿಸಿದ ಮಾನಪತ್ರವನ್ನು ಬರೆದವರು ಆಗಿನ್ನೂ ಯುವಕರಾಗಿದ್ದ ಅಂಬೇಡ್ಕರ್ ಎಂದು ಚರಿತ್ರಕಾರ ರಾಮಚಂದ್ರ ಗುಹಾ ಹೇಳಿದ್ದಾರೆ.

ನಾಯಕತ್ವದ ಪ್ರಶ್ನೆ

ಅನುಭವ, ಸಾಧನೆ ಎರಡರಲ್ಲೂ ಹಿರಿಯರಾಗಿದ್ದರೂ ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ದೊರೆಯಲಿಲ್ಲ. ನಾಯಕರಾಗಿ ಆಯ್ಕೆಯಾದ ಎಂ. ಡಿ. ಪೈ ಅವರೇ ಸಭೆಯೊಂದರಲ್ಲಿ ಆ ಗೌರವ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಹೇಳಿದರು. 1920ರಲ್ಲಿ ಪೈ ಅಸ್ವಸ್ಥರಾದಾಗ ವಿಠ್ಠಲ್ ಅವರನ್ನು ಬಿಟ್ಟು ಕಿರಿಯರಾದ ಡಿ. ಬಿ. ದೇವಧರ್ ಅವರನ್ನು ನಾಯಕರನ್ನಾಗಿ ನೇಮಿಸಲಾಯಿತು. ಇದು ಜಾತಿಯ ಕಾರಣದಿಂದಾದ ಅವಮಾನವೆಂದು ವಿಠ್ಠಲ್ ಮತ್ತು ಶಿವರಾಮ್ ಬಹಿರಂಗ ಹೇಳಿಕೆ ನೀಡಿ ತಂಡದಿಂದ ಹೊರಗುಳಿದರು. ಸಾರ್ವಜನಿಕರಲ್ಲಿ ಅವರಿಗೆ ಬೆಂಬಲ ವ್ಯಕ್ತವಾಯಿತು. ಮುಂದಿನ ಪಂದ್ಯಕ್ಕೆ ಸಹೋದರರು ಮರಳಿದರು, ಬಾಳೂ ಉಪನಾಯಕರಾದರು. ಚೇತರಿಸಿಕೊಂಡು ಬಂದಿದ್ದ ಪೈ ಅವರು ಆಟದ ನಡುವೆ ಮೈದಾನದಿಂದ ಹೊರನಡೆದು, ತಂಡವನ್ನು ಮುನ್ನಡೆಸುವ ಅವಕಾಶವನ್ನು ಸ್ವಲ್ಪ ಹೊತ್ತು ಬಾಳೂ ಅವರಿಗೆ ಬಿಟ್ಟುಕೊಟ್ಟರು. 1923ರಲ್ಲಿ ವಿಠ್ಠಲ್ ಪೂರ್ಣ ಪ್ರಮಾಣದ ನಾಯಕರಾದರು. ಅದೇ ವರ್ಷ ಹಿಂದೂ ತಂಡವು ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದುಕೊಂಡಿತು.

ರಾಜಕೀಯ ಜೀವನ

ಜಾತಿಯ ತಾರತಮ್ಯವನ್ನು ಅನುಭವಿಸಿದ್ದರೂ, ಹಿಂದೂ ಸಮಾಜದ ಒಳಗಿದ್ದೇ ಅದನ್ನು ತಿದ್ದಬಹುದೆಂಬ ನಿಲುವು ಬಾಳೂ ಅವರದಾಗಿತ್ತು. ಅವರ ಮೇಲೆ ಗಾಂಧೀಜಿಯವರ ಪ್ರಭಾವವಿತ್ತು. ದಲಿತರಿಗೆ ಸ್ವತಂತ್ರ ರಾಜಕೀಯ ಶಕ್ತಿ ಬೇಕೆಂಬ ಅಂಬೇಡ್ಕರ್ ಅವರ ಮಾರ್ಗ ಇದಕ್ಕಿಂತ ಭಿನ್ನವಾಗಿದ್ದುದರಿಂದ 1930ರ ದಶಕದಲ್ಲಿ ಇಬ್ಬರೂ ಎದುರು ಪಕ್ಷಗಳಲ್ಲಿ ನಿಲ್ಲಬೇಕಾಯಿತು.

1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರವು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿತು. ಇದನ್ನು ವಿರೋಧಿಸಿ ಗಾಂಧೀಜಿ ಸೆಪ್ಟೆಂಬರ್ 20ರಂದು ಯೆರವಡಾ ಸೆರೆಮನೆಯಲ್ಲಿ ಉಪವಾಸ ಆರಂಭಿಸಿದರು. ಸಂಧಾನದಲ್ಲಿ ಮದರಾಸಿನ ಎಂ. ಸಿ. ರಾಜಾ ಅವರೊಂದಿಗೆ ಬಾಳೂ ಪಾಲ್ಗೊಂಡರು. ಸೆಪ್ಟೆಂಬರ್ 24ರ ಪುಣೆ ಒಪ್ಪಂದದಂತೆ ಪ್ರತ್ಯೇಕ ಮತಕ್ಷೇತ್ರಗಳ ಬದಲಿಗೆ ಸಂಯುಕ್ತ ಮತಕ್ಷೇತ್ರಗಳಲ್ಲಿ 148 ಮೀಸಲು ಸ್ಥಾನಗಳು ನಿಗದಿಯಾದವು. ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರ್, ರಾಜಾ ಮತ್ತು ಬಾಳೂ ಮೂವರೂ ಇದ್ದರು.

1933ರಲ್ಲಿ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ಮುಂಬಯಿ ನಗರಸಭೆಗೆ ಸ್ಪರ್ಧಿಸಿದ ಬಾಳೂ ಗೆಲ್ಲಲಿಲ್ಲ. ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರ್ 1935ರಲ್ಲಿ ಯೇವಲಾದಲ್ಲಿ ಘೋಷಿಸಿದಾಗ, ಮತಾಂತರವು ಸಮುದಾಯಕ್ಕೆ ಆತ್ಮಘಾತಕವೆಂದು ಬಾಳೂ ವಿರೋಧಿಸಿದರು.

1937ರ ಪ್ರಾಂತೀಯ ಚುನಾವಣೆಯಲ್ಲಿ ಮುಂಬಯಿ ನಗರದ ಮೀಸಲು ಸ್ಥಾನಕ್ಕೆ ಸ್ವತಂತ್ರ ಕಾರ್ಮಿಕ ಪಕ್ಷದ ಅಂಬೇಡ್ಕರ್ ಎದುರು ಕಾಂಗ್ರೆಸ್ ಬಾಳೂ ಅವರನ್ನು ನಿಲ್ಲಿಸಿತು. ಅಂಬೇಡ್ಕರ್ 13,245 ಮತಗಳನ್ನೂ ಬಾಳೂ 11,225 ಮತಗಳನ್ನೂ ಪಡೆದರು.

ನಿಧನ ಮತ್ತು ಸ್ಮರಣೆ

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ಭಾರತವು ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಆ ವೇಳೆಗೆ ಬಾಳೂ ನಿವೃತ್ತರಾಗಿ ದಶಕ ಕಳೆದಿತ್ತು. ಹೀಗಾಗಿ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ ಮತ್ತು ಬಹುಕಾಲ ಅವರ ಸಾಧನೆ ಮರೆವಿಗೆ ಸಂದಿತ್ತು. ಬೆಂಗಳೂರಿನಲ್ಲಿ ನೆಲೆಸಿರುವ ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' (2002) ಹಾಗೂ ಪ್ರಶಾಂತ್ ಕಿದಂಬಿ ಅವರ 'ಕ್ರಿಕೆಟ್ ಕಂಟ್ರಿ' (2019) ಕೃತಿಗಳ ಮೂಲಕ ಅವರ ಜೀವನ ಓದುಗರ ಗಮನಕ್ಕೆ ಮರಳಿ ಬಂದಿತು.

ಮನ್ಸೂರ್ ಅಲಿ ಖಾನ್ ಪಟೌಡಿ, ಚೇತನ್ ಚೌಹಾಣ್, ಕೀರ್ತಿ ಆಜಾದ್, ಮಹಮ್ಮದ್ ಅಜರುದ್ದೀನ್ ಮೊದಲಾದವರು ಮುಂದೆ ಕ್ರಿಕೆಟ್‌ನಿಂದ ಚುನಾವಣಾ ಕಣಕ್ಕೆ ಇಳಿದರು. ಇವರಿಗೆ ಆಟದ ಜನಪ್ರಿಯತೆ ರಾಜಕೀಯ ಬಂಡವಾಳವಾಯಿತು. ಬಾಳೂ ಅವರ ವಿಷಯದಲ್ಲಿ ಆಟಕ್ಕೂ ರಾಜಕೀಯಕ್ಕೂ ಇದ್ದ ಪ್ರಶ್ನೆ ಒಂದೇ: ಕೈಚಳಕಕ್ಕೆ ಸಿಗುವ ಮನ್ನಣೆ ಅದೇ ವ್ಯಕ್ತಿಗೆ ಪಂಕ್ತಿಯಲ್ಲಿಯೂ ನಾಯಕತ್ವದಲ್ಲಿಯೂ ಸಮಾನ ಸ್ಥಾನವನ್ನು ತಂದುಕೊಡಬಲ್ಲದೇ ಎಂಬುದು.